ಆಫೀಸಿಗೊಂದು ರೋಬಾಟ್ ತಂದರೆ ದೂರದವರು ಹತ್ತಿರ ಆಗ್ತಾರಾ?

ಪ್ರಶ್ನೆ: ನಮ್ಮದು ಬೆಂಗಳೂರಿನ ಪೀಣ್ಯದಲ್ಲಿರುವ ಸಣ್ಣ ಕಂಪನಿ. ಮೋಟಾರ್ ಕಂಟ್ರೋಲರ್ ಬೋರ್ಡ್‌ಗಳನ್ನು ಡಿಸೈನ್ ಮಾಡುತ್ತೇವೆ. ಅರವತ್ತು ಜನರಲ್ಲಿ ಮೂವರು ದೂರದಿಂದ ಕೆಲಸ ಮಾಡುತ್ತಾರೆ. ಹಿರಿಯ ಹಾರ್ಡ್‌ವೇರ್ ಎಂಜಿನಿಯರ್ ಒಬ್ಬರು ತಂದೆ-ತಾಯಿಯನ್ನು ನೋಡಿಕೊಳ್ಳಲು ಮೈಸೂರಿಗೆ ಹೋಗಿದ್ದಾರೆ. ಸಾಫ್ಟ್‌ವೇರ್ ಬರೆಯುವ ಹುಡುಗ ಸಿರಸಿ ಹತ್ತಿರದ ತನ್ನ ಹಳ್ಳಿಯಲ್ಲಿದ್ದಾನೆ. ಪ್ರಾಜೆಕ್ಟ್ ಮ್ಯಾನೇಜರ್ ಮದುವೆಯಾಗಿ ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಮೂವರೂ "ಆಫೀಸಿನಲ್ಲಿ ಏನು ನಡೀತಿದೆ ಅಂತ ನಮಗೆ ಕೊನೆಗೆ ಗೊತ್ತಾಗುತ್ತೆ" ಎನ್ನುತ್ತಾರೆ. ನಮ್ಮ ಎಂ.ಡಿ. ಎಲ್ಲೋ ಚಕ್ರದ ಮೇಲೆ ಸ್ಕ್ರೀನ್ ಇರುವ, ದೂರದಲ್ಲಿರುವವರು ತಮ್ಮ ಕಂಪ್ಯೂಟರಿನಿಂದ ಓಡಿಸುತ್ತಾ ಮಾತಾಡುವ ಟೆಲಿಪ್ರೆಸೆನ್ಸ್ ರೋಬಾಟ್ ನೋಡಿ ಬಂದಿದ್ದಾರೆ. ಮೂರು ತರಿಸೋಣ ಅಂತಿದ್ದಾರೆ. ಇದು ನಿಜವಾಗಿ ಕೆಲಸಕ್ಕೆ ಬರುತ್ತಾ, ಇಲ್ಲಾ ಸುಮ್ನೆ ಶೋಕಿನಾ?

ಉತ್ತರ: ಮೂರು ಬೇಡ, ಒಂದು ಸಾಕು. ಅದನ್ನೂ ಮೊದಲು ಡೆಮೋಗೋ ಬಾಡಿಗೆಗೋ ಕೊಡ್ತಾರಾ ಕೇಳಿ. ಆ ಒಂದು ಮೈಸೂರಿನ ಎಂಜಿನಿಯರ್‌ಗೆ. ಸಿರಸಿಯ ಹುಡುಗನಿಗೆ ಅದರಿಂದ ದೊಡ್ಡ ಉಪಯೋಗ ಇಲ್ಲ. ಕ್ಯಾಲಿಫೋರ್ನಿಯಾದ ಮ್ಯಾನೇಜರ್‌ಗೆ ಯಾವಾಗಲಾದರೂ ಬೇಕೆನಿಸಿದರೆ ಅದೇ ರೋಬಾಟ್‌ನಲ್ಲಿ ಬರಬಹುದು.

ಯಾಕೆ ಹೀಗೆ ಅನ್ನೋದಕ್ಕೆ ಈ ಯಂತ್ರ ಆಫೀಸಿಗೆ ಬಂದ ಕಥೆಯಲ್ಲೇ ಅರ್ಧ ಉತ್ತರ ಇದೆ. ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕ್‌ನಲ್ಲಿ ವಿಲ್ಲೋ ಗರಾಜ್ ಎಂಬ ರೋಬಾಟ್ ಸಂಶೋಧನಾ ಕಂಪನಿ ಇತ್ತು. ಅಲ್ಲಿನ ಒಬ್ಬ ಹಾರ್ಡ್‌ವೇರ್ ಎಂಜಿನಿಯರ್ ವಾಸವಿದ್ದದ್ದು ದೂರದ ಇಂಡಿಯಾನಾದಲ್ಲಿ. ಫೋನು, ವಿಡಿಯೋ ಕಾಲ್ ಎರಡರಿಂದಲೂ ಕೆಲಸ ಸಾಗದೆ, 2009ರ ಸುಮಾರಿಗೆ ಆತ ಮತ್ತು ಸಹೋದ್ಯೋಗಿಗಳು ಕೈಗೆ ಸಿಕ್ಕ ಬಿಡಿಭಾಗಗಳನ್ನು ಜೋಡಿಸಿ ಚಕ್ರದ ಮೇಲೊಂದು ಕಂಬ, ಕಂಬದ ಮೇಲೊಂದು ಸ್ಕ್ರೀನು, ಕ್ಯಾಮೆರಾ ಇಟ್ಟರು. ಅದಕ್ಕೆ ಟೆಕ್ಸಾಯ್ ಅಂತ ಹೆಸರಾಯಿತು. ಗಮನಿಸಿ, ಅದನ್ನು ಬೇಕು ಅಂದವರು ಮೇಲಿನವರಲ್ಲ. ದೂರದಲ್ಲಿದ್ದವನೇ ಬೇಕು ಅಂದ. ಅವನ ಕೆಲಸವೂ ಬೋರ್ಡು, ತಂತಿ, ಬೆಂಚಿನ ನಡುವಿನ ಕೆಲಸ. ನಿಮ್ಮ ಮೈಸೂರಿನವರ ಸ್ಥಿತಿಯೂ ಇದೇ ಅಲ್ವಾ?

ಆ ಟೆಕ್ಸಾಯ್‌ನಿಂದಲೇ ಸೂಟಬಲ್ ಟೆಕ್ನಾಲಜೀಸ್ ಎಂಬ ಕಂಪನಿ ಹುಟ್ಟಿತು. 2012ರಲ್ಲಿ ಬೀಮ್ ಎಂಬ ರೋಬಾಟ್ ಮಾರುಕಟ್ಟೆಗೆ ಬಂತು, ಬೆಲೆ 16,000 ಡಾಲರ್. 2014ರಲ್ಲಿ, ಅಮೆರಿಕ ಸರ್ಕಾರದ ಗುಟ್ಟಿನ ಕಣ್ಗಾವಲನ್ನು ಬಯಲು ಮಾಡಿದ ಎಡ್ವರ್ಡ್ ಸ್ನೋಡೆನ್ ರಷ್ಯಾದಲ್ಲಿ ಕೂತುಕೊಂಡು ಕೆನಡಾದ ವ್ಯಾಂಕೂವರ್‌ನ ಟೆಡ್ ಭಾಷಣ ವೇದಿಕೆಗೆ ಬಂದದ್ದು ಈ ಬೀಮ್ ಮೇಲೇರಿಯೇ. ಹತ್ತಿರಹತ್ತಿರ ಅದೇ ಕಾಲಕ್ಕೆ ಡಬಲ್ ರೋಬಾಟಿಕ್ಸ್‌ನವರು ಎರಡು ಚಕ್ರದ ಮೇಲೆ ಬ್ಯಾಲೆನ್ಸ್ ಮಾಡಿಕೊಂಡು ನಿಲ್ಲುವ, ಐಪ್ಯಾಡ್ ಸಿಕ್ಕಿಸುವ ಹಗುರ ರೋಬಾಟ್ ತಂದರು. 2019ರಲ್ಲಿ ಬಂದ ಅವರ ಡಬಲ್ 3ಕ್ಕೆ ಸ್ವಂತ ಸ್ಕ್ರೀನ್, ದಾರಿಯ ಆಳ ಅಳೆಯುವ ಸೆನ್ಸರ್ ಎಲ್ಲಾ ಇತ್ತು. ಆಗಿನ ಬೆಲೆ 3,999 ಡಾಲರ್. ನಿಮ್ಮ ಎಂ.ಡಿ. ನೋಡಿದ್ದು ಇಂಥದ್ದೇ ಇರಬೇಕು.

ಈಗ ಮುಖ್ಯ ವಿಷಯ. ಇದನ್ನು ಕೊಳ್ಳುವವರಲ್ಲಿ ಬಹಳ ಜನ ಮೀಟಿಂಗ್‌ಗಾಗಿ ಕೊಳ್ಳುತ್ತಾರೆ. ಮೀಟಿಂಗ್‌ಗೆ ಇದು ಬೇಕೇ ಇಲ್ಲ. ಎಲ್ಲರೂ ಒಂದು ಹೊತ್ತಿಗೆ, ಒಂದು ಕೋಣೆಯಲ್ಲಿ, ಒಂದು ವಿಷಯಕ್ಕೆ ಸೇರುವುದಾದರೆ ಗೋಡೆಯ ಟಿವಿ, ಒಳ್ಳೆಯ ಮೈಕು ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತವೆ. ರೋಬಾಟ್‌ನ ಸ್ಕ್ರೀನ್ ಸಣ್ಣದು. ಮೈಕು ಕೋಣೆಯ ಒಂದು ಮೂಲೆಯಲ್ಲಿರುತ್ತದೆ. ವೈಟ್‌ಬೋರ್ಡ್ ಓದಬೇಕಾದರೆ ಮುಂದೆ ಹೋಗಬೇಕು. ಮುಂದೆ ಹೋದರೆ ಹಿಂದೆ ಕೂತವರಿಗೆ ಬೋರ್ಡೇ ಕಾಣುವುದಿಲ್ಲ.

ಇದು ಉಪಯೋಗಕ್ಕೆ ಬರುವುದು ಮೀಟಿಂಗ್‌ನ ಹಿಂದೆ-ಮುಂದೆ. ಮೀಟಿಂಗ್ ಮುಗಿದ ಮೇಲೆ ಬಾಗಿಲ ಹತ್ತಿರ ಇಬ್ಬರು ನಿಂತು ಆಡುವ ಮಾತಿದೆಯಲ್ಲ, ಅರ್ಧ ನಿರ್ಧಾರ ಅಲ್ಲೇ ಆಗಿರುತ್ತದೆ. "ಆ ಬೋರ್ಡ್ ಯಾಕೋ ಬಿಸಿ ಆಗ್ತಿದೆ, ಸ್ವಲ್ಪ ಬಂದು ನೋಡಿ" ಅಂತ ಯಾರೋ ಕರೆಯುವುದು, ಕಾಫಿ ಮೆಷಿನ್ ಹತ್ತಿರ ಪರ್ಚೇಸ್‌ನವರು ಸಿಕ್ಕಿ "ಆ ಕೆಪ್ಯಾಸಿಟರ್ ಇನ್ನೂ ಬಂದಿಲ್ಲ" ಅನ್ನುವುದು, ಇವಕ್ಕೆಲ್ಲ ಯಾರೂ ಲಿಂಕ್ ಕಳಿಸುವುದಿಲ್ಲ. ನಿಮ್ಮ ಮೂವರು ಹೇಳಿದ ದೂರು ಇದೇ. ಓಡಾಡುವ ಯಂತ್ರ ಇದ್ದರೆ ದೂರದವರು ಯಾರನ್ನೂ ಕೇಳದೆ, ತಮಗೆ ಬೇಕಾದಾಗ ಆ ಜಾಗದಲ್ಲಿ ಇರಬಹುದು. ಬೇರೆಯವರು ಕರೆದರೆ ಮಾತ್ರ ಒಳಗೆ ಬರುವುದಕ್ಕೂ, ತಾವೇ ನಡೆದು ಬರುವುದಕ್ಕೂ ಬಹಳ ವ್ಯತ್ಯಾಸ ಇದೆ. ಇಷ್ಟು ದುಡ್ಡು ಕೊಡುವುದು ಈ ಒಂದು ವ್ಯತ್ಯಾಸಕ್ಕೆ. ಅದು ಯಾರಿಗೆ ಬೇಕೋ ಅವರಿಗೆ ಕೊಡಿಸಿ, ಬೇಡದವರಿಗೆ ಬೇಡ.

ಹಾಗಾಗಿ ಮೂವರನ್ನೂ ಬೇರೆ ಬೇರೆಯಾಗಿ ನೋಡೋಣ.

ಮೈಸೂರಿನವರ ಕೆಲಸ ಇರುವುದು ಟೆಸ್ಟ್ ಬೆಂಚಿನ ಹತ್ತಿರ. ಅವರು ಹಿರಿಯರು, ಕಿರಿಯರ ಬೆನ್ನ ಹಿಂದೆ ನಿಂತು "ಪ್ರೋಬ್ ಅಲ್ಲಿ ಹಿಡೀಬೇಡ, ಗ್ರೌಂಡ್ ಹತ್ತಿರ ಹಿಡಿ" ಎನ್ನಬೇಕಾದವರು. ಅವರಿಗೆ ಇದು ಸರಿಹೊಂದುತ್ತದೆ. ಆದರೆ ರೋಬಾಟ್ ಕೊಡಿಸಿದ್ದೇವೆ, ಇನ್ನು ಬರುವುದೇ ಬೇಡ ಅಂದುಬಿಡಬೇಡಿ. ಮೈಸೂರು ಅಷ್ಟೇನೂ ದೂರ ಅಲ್ಲ. ಹೆದ್ದಾರಿಯಲ್ಲಿ ಕೆಂಗೇರಿವರೆಗೆ ಬಂದು, ಅಲ್ಲಿಂದ ಮೆಟ್ರೋ ಹಿಡಿದು ಮೆಜೆಸ್ಟಿಕ್‌ನಲ್ಲಿ ಬದಲಿಸಿದರೆ ಪೀಣ್ಯ. ತಿಂಗಳಿಗೆ ಒಂದೆರಡು ದಿನದ ಓಡಾಟದ ಖರ್ಚನ್ನು ಕಂಪನಿಯೇ ಕೊಡಲಿ. ಆಗಾಗ ಮುಖ ಕಂಡವರ ಜೊತೆ ಸ್ಕ್ರೀನಿನಲ್ಲಿ ಮಾತಾಡುವುದೂ ಸುಲಭ. ಇನ್ನೊಂದು, ನಿಮ್ಮ ಪತ್ರದಲ್ಲಿ ಎಂ.ಡಿ.ಯವರ ಆಸೆ ಇದೆ, ಇವರಿಗೆ ಏನನಿಸುತ್ತದೆ ಅನ್ನುವುದು ಇಲ್ಲ. ಎಲ್ಲರೂ ನೋಡುವ ಹಾಗೆ ಆಫೀಸಿನ ತುಂಬ ಉರುಳಾಡುವುದು ಎಲ್ಲರಿಗೂ ಇಷ್ಟವಾಗುವುದಿಲ್ಲ. ಮೊದಲು ಅವರನ್ನು ಕೇಳಿ.

ಸಿರಸಿಯ ಹುಡುಗ ಕೋಡ್ ಬರೆಯುತ್ತಾನೆ. ಅವನಿಗೆ ಬೇಕಾದದ್ದು ಬೋರ್ಡು ಮತ್ತು ಬೋರ್ಡಿನ ಮೇಲಿನ ಕಣ್ಣು. ಬೆಂಚಿನ ಮೇಲೆ ಒಂದು ಬೋರ್ಡನ್ನು ಅವನಿಗೇ ಅಂತ ಬಿಟ್ಟುಬಿಡಿ. ಅದಕ್ಕೆ ದೂರದಿಂದಲೇ ಪವರ್ ಕೊಟ್ಟು ತೆಗೆಯುವ ಸ್ವಿಚ್ ಹಾಕಿ, ಮೇಲಿನಿಂದ ಒಂದು ವೆಬ್‌ಕ್ಯಾಮ್ ಇಳಿಬಿಡಿ, ವಿದ್ಯುತ್ ಸಿಗ್ನಲ್‌ನ ಏರಿಳಿತ ತೋರಿಸುವ ಆಸಿಲೋಸ್ಕೋಪನ್ನು ನೆಟ್‌ವರ್ಕ್‌ಗೆ ಸೇರಿಸಿ. ಹಳ್ಳಿಯಲ್ಲಿ ಕರೆಂಟು ಹೋದಾಗ ಕೆಲಸ ನಿಲ್ಲದಂತೆ ಒಂದು ಇನ್ವರ್ಟರ್, ಫೈಬರ್ ಕೈಕೊಟ್ಟಾಗ ಬಳಸಲು ಒಂದು ಮೊಬೈಲ್ ಡೇಟಾ ಸಿಮ್ ಕೊಡಿಸಿ. ರೋಬಾಟ್‌ನ ದುಡ್ಡಿನಲ್ಲಿ ಸಣ್ಣ ಭಾಗ ಸಾಕು. ಮಾತುಕತೆಗೆ ಅವನ ತಂಡದ ಮೇಜಿನ ಮೇಲೆ ಹಳೆಯ ಟ್ಯಾಬ್ಲೆಟ್ ಒಂದನ್ನು ಇಡಿ. ಕರೆ ದಿನದಲ್ಲಿ ಒಂದೆರಡು ಗಂಟೆ ಸುಮ್ನೆ ತೆರೆದಿರಲಿ. ಬೇಕಾದಾಗ ಮಾತಾಡುತ್ತಾರೆ, ಇಲ್ಲದಿದ್ದರೆ ಇಲ್ಲ.

ಕ್ಯಾಲಿಫೋರ್ನಿಯಾದವರದ್ದು ಎರಡು ತೊಂದರೆ. ಮೊದಲನೆಯದು ಗಡಿಯಾರ. ಬೇಸಿಗೆಯಲ್ಲಿ ನಾವು ಅವರಿಗಿಂತ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಮುಂದೆ. ನಿಮ್ಮ ಆಫೀಸು ಬೆಳಿಗ್ಗೆ ಒಂಬತ್ತಕ್ಕೆ ಶುರುವಾದರೆ ಅಲ್ಲಿ ಹಿಂದಿನ ದಿನದ ರಾತ್ರಿ ಏಳೂವರೆಯೋ ಎಂಟೂವರೆಯೋ ಆಗಿರುತ್ತದೆ. ಹಾಗಾಗಿ ಅವರು ಆಫೀಸಿಗೆ "ಬರುವುದು" ದಿನಕ್ಕೆ ಒಂದೆರಡು ಗಂಟೆ ಮಾತ್ರ. ಎರಡನೆಯದು ತಡ, ಅಂದರೆ ಚಿತ್ರ, ಮಾತು ಒಂದು ಕಡೆಯಿಂದ ಇನ್ನೊಂದು ಕಡೆ ತಲುಪಲು ಹಿಡಿಯುವ ಹೊತ್ತು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ಅಳೆದರೂ ಸುಮಾರು 14,000 ಕಿ.ಮೀ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಒಂದು ಕಡೆಗೇ 70 ಮಿಲಿಸೆಕೆಂಡ್ ಆಯಿತು, ಹೋಗಿ ಬರಲು 140. ಕೇಬಲ್ ನೇರವಾಗಿ ಹೋಗುವುದಿಲ್ಲವಾದ್ದರಿಂದ ನಿಜವಾಗಿ 200 ದಾಟುತ್ತದೆ. ಮೇಲೆ ವಿಡಿಯೋ ಕುಗ್ಗಿಸಿ ಹಿಗ್ಗಿಸುವ ಹೊತ್ತು ಬೇರೆ. ಎಷ್ಟು ದುಡ್ಡು ಸುರಿದರೂ ಇದನ್ನು ಇಳಿಸಲಾಗದು.

ಮಾತಿಗೆ ಇದು ನಡೆಯುತ್ತದೆ. ಗಾಡಿ ಓಡಿಸುವಾಗಲೇ ಕಷ್ಟ. ಒಟ್ಟು ತಡ 0.4 ಸೆಕೆಂಡ್ ಅಂದುಕೊಳ್ಳಿ. ರೋಬಾಟ್ ಸೆಕೆಂಡಿಗೆ ಮುಕ್ಕಾಲು ಮೀಟರ್ ಹೋಗುತ್ತಿದೆ. ಎದುರಿಗೆ ಕುರ್ಚಿ ಕಂಡು ಅವರು ನಿಲ್ಲಿಸುವ ಹೊತ್ತಿಗೆ ಅದು 30 ಸೆಂ.ಮೀ. ಮುಂದೆ ಹೋಗಿರುತ್ತದೆ. ಆ ಕುರ್ಚಿಯಲ್ಲಿ ಯಾರಾದರೂ ಬಿಸಿ ಕಾಫಿ ಹಿಡಿದು ಕೂತಿದ್ದರೆ ಮುಗೀತು. ಅದಕ್ಕೇ ಬಾಣದ ಕೀಲಿ ಒತ್ತಿ ಓಡಿಸುವ ರೋಬಾಟ್‌ಗಿಂತ, ಸ್ಕ್ರೀನಿನಲ್ಲಿ ನೆಲದ ಮೇಲೆ ಒಂದು ಜಾಗ ಮುಟ್ಟಿದರೆ ತಾನೇ ಅಡೆತಡೆ ತಪ್ಪಿಸಿ ಹೋಗುವ ರೋಬಾಟ್ ದೂರದವರಿಗೆ ವಾಸಿ. ಡಬಲ್ 3ರಲ್ಲಿ ಈ ಸೌಲಭ್ಯ ಇದೆ. ಮಾದರಿ ಆರಿಸುವಾಗ ನಾನು ಮೊದಲು ಕೇಳುವುದು ಇದನ್ನೇ. ಸ್ಕ್ರೀನ್ ಎಷ್ಟು ಚಂದ ಅನ್ನುವುದೆಲ್ಲ ಆಮೇಲೆ.

ಯಂತ್ರಕ್ಕಿಂತ ಜಾಸ್ತಿ ತಲೆನೋವು ಕೊಡುವುದು ವೈಫೈ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕಂದರೆ ತಂದ ರೋಬಾಟ್ ಮೂಲೆ ಸೇರುವುದು ಹೆಚ್ಚಾಗಿ ಇದರಿಂದಲೇ. "ನಮ್ಮ ವೈಫೈ ಚೆನ್ನಾಗಿದೆ, 300 ಎಂಬಿಪಿಎಸ್ ಬರುತ್ತೆ" ಅಂತ ಎಲ್ಲರೂ ಹೇಳುತ್ತಾರೆ. ರೋಬಾಟ್‌ಗೆ ಅಷ್ಟು ವೇಗ ಬೇಡ. ಎರಡೂ ಕಡೆಗೆ ಎರಡರಿಂದ ನಾಲ್ಕು ಎಂಬಿಪಿಎಸ್ ಇದ್ದರೆ ಸಾಕು. ಬೇಕಾದದ್ದು ಒಂದು ಕ್ಷಣವೂ ಕಡಿಯದ ಸಂಪರ್ಕ. ಲ್ಯಾಪ್‌ಟಾಪ್ ಒಂದೇ ಕಡೆ ಕೂತಿರುತ್ತದೆ. ರೋಬಾಟ್ ನಡೆಯುತ್ತಾ ಒಂದು ಆಕ್ಸೆಸ್ ಪಾಯಿಂಟ್ (ವೈಫೈ ಹರಡುವ ಪೆಟ್ಟಿಗೆ) ಬಿಟ್ಟು ಇನ್ನೊಂದಕ್ಕೆ ದಾಟಬೇಕು. ದಾಟುವಾಗ ಎರಡು ಸೆಕೆಂಡ್ ಹೋದರೆ ಲ್ಯಾಪ್‌ಟಾಪಿನವರಿಗೆ ಗೊತ್ತೂ ಆಗುವುದಿಲ್ಲ. ರೋಬಾಟ್ ಮಾತ್ರ ನಡುದಾರಿಯಲ್ಲಿ ಕುರುಡಾಗಿ ನಿಲ್ಲುತ್ತದೆ. ಅದರಲ್ಲಿರುವವರ ಮುಖ ಸ್ಕ್ರೀನಿನ ಮೇಲೆ ಬಾಯಿ ತೆರೆದ ಹಾಗೇ ಹೆಪ್ಪುಗಟ್ಟುತ್ತದೆ. ಇದು ಎರಡು ಸಲ ಆದರೆ ಸಾಕು, ಮೂರನೇ ಸಲ ಅವರು ರೋಬಾಟ್ ಹತ್ತುವುದೇ ಇಲ್ಲ.

ಪೀಣ್ಯದ ಕಟ್ಟಡಗಳಲ್ಲಿ ಇದು ಇನ್ನೂ ಜಾಸ್ತಿ. ತಗಡಿನ ಚಾವಣಿ, ಕಬ್ಬಿಣದ ರ್‍ಯಾಕು, ಪಕ್ಕದ ಶೆಡ್ಡಿನಲ್ಲಿ ವೆಲ್ಡಿಂಗ್. ಸಾಲದ್ದಕ್ಕೆ ನೀವು ಮೋಟಾರ್ ಡ್ರೈವ್ ಪರೀಕ್ಷೆ ಮಾಡುವವರು, ಅದರಿಂದಲೂ ವಿದ್ಯುತ್ ಗದ್ದಲ ಏಳಬಹುದು. ಹೀಗೆ ಮಾಡಿ. ಫೋನಿನಲ್ಲಿ ವಿಡಿಯೋ ಕಾಲ್ ಹಚ್ಚಿ, ಫೋನನ್ನು ರೋಬಾಟ್‌ನ ಎತ್ತರದಲ್ಲಿ, ಅಂದರೆ ನಾಲ್ಕು ನಾಲ್ಕೂವರೆ ಅಡಿಯಲ್ಲಿ ಹಿಡಿದು, ಅದು ಹೋಗಬೇಕಾದ ದಾರಿಯಲ್ಲೆಲ್ಲ ನಿಧಾನವಾಗಿ ನಡೆಯಿರಿ. ಜೊತೆಗೆ ವೈಫೈ ಅಳೆಯುವ ಆಪ್ ಇಟ್ಟುಕೊಳ್ಳಿ. ಸಿಗ್ನಲ್ ಎಲ್ಲಿಯೂ ಮೈನಸ್ 67 ಡಿಬಿಎಂಗಿಂತ (ಸಿಗ್ನಲ್ ಬಲದ ಅಳತೆ, ಮೈನಸ್ 80 ಅಂದರೆ ಇನ್ನೂ ದುರ್ಬಲ) ಕೆಳಗೆ ಇಳಿಯಬಾರದು. ಇಳಿದ ಕಡೆ ಇನ್ನೊಂದು ಆಕ್ಸೆಸ್ ಪಾಯಿಂಟ್ ಹಾಕಿಸಿ. ಸಾಧ್ಯವಿದ್ದಷ್ಟೂ 5 ಗಿಗಾಹರ್ಟ್ಸ್ ಬಳಸಿ, 2.4ರಲ್ಲಿ ಬ್ಲೂಟೂತ್ ಸೇರಿದಂತೆ ಗದ್ದಲ ಜಾಸ್ತಿ. ನೆಟ್‌ವರ್ಕ್ ನೋಡಿಕೊಳ್ಳುವವರಿಗೆ 802.11ಆರ್ ಅಂತ ಹೇಳಿದರೆ ಗೊತ್ತಾಗುತ್ತದೆ. ಒಂದು ಪಾಯಿಂಟ್‌ನಿಂದ ಇನ್ನೊಂದಕ್ಕೆ ಬೇಗ ದಾಟಿಸುವ ವ್ಯವಸ್ಥೆ ಅದು. ರೋಬಾಟ್ ಮತ್ತು ಆಕ್ಸೆಸ್ ಪಾಯಿಂಟ್ ಎರಡೂ ಅದಕ್ಕೆ ಒಗ್ಗಬೇಕು. ಆಕ್ಸೆಸ್ ಪಾಯಿಂಟ್‌ಗಳೂ ಸ್ವಿಚ್ಚೂ ಯುಪಿಎಸ್ ಮೇಲಿರಲಿ. ರೋಬಾಟ್‌ಗೆ ಬ್ಯಾಟರಿ ಇದೆ ನಿಜ, ಕರೆಂಟು ಹೋದಾಗ ವೈಫೈಯೇ ಸತ್ತರೆ ಬ್ಯಾಟರಿ ಇದ್ದು ಏನು ಪ್ರಯೋಜನ? ಇನ್ನು, ಡಿಸೈನ್ ಫೈಲುಗಳಿರುವ ಸರ್ವರ್ ಜೊತೆ ಇದನ್ನು ಒಂದೇ ನೆಟ್‌ವರ್ಕ್‌ನಲ್ಲಿ ಬಿಡಬೇಡಿ. ಬೇರೆ ವಿಎಲ್‌ಎಎನ್‌ನಲ್ಲಿ, ಅಂದರೆ ಅದೇ ಜಾಲದೊಳಗೆ ಬೇರ್ಪಡಿಸಿದ ಭಾಗದಲ್ಲಿ ಇಡಿ.

ನೆಲದ ವಿಷಯ ಬೇಗ ಹೇಳಿಬಿಡುತ್ತೇನೆ. ಇದಕ್ಕೆ ಕೈ ಇಲ್ಲ. ಬಾಗಿಲು ತೆರೆಯಲು, ಲಿಫ್ಟ್ ಗುಂಡಿ ಒತ್ತಲು ಯಾರಾದರೂ ಬೇಕು. ಹಾಗಾಗಿ ಲ್ಯಾಬ್ ಇರುವ ಮಹಡಿಯಲ್ಲೇ ಇರಲಿ. ಎತ್ತರದ ಹೊಸಿಲು, ನೆಲದ ಮೇಲೆ ಹಾದ ದಪ್ಪ ಕೇಬಲ್ ದಾಟುವುದಿಲ್ಲ. ಗಾಜಿನ ಗೋಡೆ ಸೆನ್ಸರ್‌ಗೆ ಎಷ್ಟೋ ಸಲ ಕಾಣುವುದಿಲ್ಲ, ಕೆಳಗಡೆ ಬಣ್ಣದ ಪಟ್ಟಿ ಅಂಟಿಸಿ. ಮೆಟ್ಟಿಲ ಕಡೆ ತಡೆ ಇರಲಿ. ಹೈ ವೋಲ್ಟೇಜ್ ಪರೀಕ್ಷೆ ನಡೆಯುವ ಜಾಗಕ್ಕೆ ಅದು ಹೋಗಲೇಬಾರದು.

ಇಷ್ಟೆಲ್ಲ ಸರಿಯಾದರೂ ಕೊನೆಗೆ ಉಳಿಯುವುದು ಜನ. 2011ರಲ್ಲಿ ಮಿನ್ ಕ್ಯುಂಗ್ ಲೀ ಮತ್ತು ಲೈಲಾ ತಕಾಯಾಮಾ ಎಂಬ ಸಂಶೋಧಕರು, ಟೆಕ್ಸಾಯ್ ಬಳಸುತ್ತಿದ್ದ ಆಫೀಸುಗಳಲ್ಲಿ ಏನಾಗುತ್ತಿದೆ ಅಂತ ನೋಡಿ ಬರೆದರು. ಕೆಲವರು ಅದನ್ನು ಅದರೊಳಗಿನ ಮನುಷ್ಯ ಅಂತಲೇ ನೋಡುತ್ತಿದ್ದರು. ಕೆಲವರಿಗೆ ಅದು ಮೇಜು-ಕುರ್ಚಿ ಥರದ ಸಾಮಾನು, ಅದರ ಬುಡದ ಮೇಲೆ ಕಾಲಿಟ್ಟು ಕೂತವರೂ ಇದ್ದರು. ದೂರದಲ್ಲಿದ್ದವರಿಗೆ ಅದು ತಮ್ಮ ಮೈಮೇಲೆ ಕಾಲಿಟ್ಟ ಹಾಗೆ. ಇನ್ನೊಂದು ತಕರಾರು ದನಿಯದ್ದು. ತನ್ನ ದನಿ ಅಲ್ಲಿ ಎಷ್ಟು ಜೋರಾಗಿ ಕೇಳುತ್ತಿದೆ ಅಂತ ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ. ಪಕ್ಕದವರು ಕಿವಿ ಮುಚ್ಚಿಕೊಳ್ಳುತ್ತಾರೆ.

ಇದಕ್ಕೆ ಮೊದಲ ದಿನವೇ ಒಂದಿಷ್ಟು ಮಾತು ಆಗಿಬಿಡಲಿ. ಅದರೊಳಗೆ ಯಾರಾದರೂ ಇರುವಾಗ ಕೇಳದೆ ಎತ್ತಬಾರದು, ತಳ್ಳಬಾರದು. ಮನೆಗೆ ಬಂದ ನೆಂಟರನ್ನು ಭುಜ ಹಿಡಿದು ಪಕ್ಕಕ್ಕೆ ಸರಿಸ್ತೀವಾ? ದನಿ ಜಾಸ್ತಿಯಾದರೆ "ಸ್ವಲ್ಪ ಕಡಿಮೆ ಮಾಡಿ ಮೇಡಂ" ಅಂತ ಹೇಳಲು ಯಾರಿಗೂ ಸಂಕೋಚ ಬೇಡ. ಓಡಿಸುವವರ ಕಡೆಯಿಂದಲೂ ಕಟ್ಟುಪಾಡು ಇದೆ. ತಮ್ಮ ಮುಖ ಯಾವಾಗಲೂ ಸ್ಕ್ರೀನಿನಲ್ಲಿ ಕಾಣಬೇಕು. ಕಪ್ಪು ಸ್ಕ್ರೀನಿನ ಕ್ಯಾಮೆರಾ ಒಂದು ಹಿಂದೆ ಬಂದು ನಿಂತರೆ ಯಾರಿಗಾದರೂ ಇರಿಸುಮುರಿಸು. ರೆಕಾರ್ಡಿಂಗ್ ಪೂರ್ತಿ ನಿಷೇಧ. ಊಟದ ಕೋಣೆ, ಟಾಯ್ಲೆಟ್ ಕಡೆಯ ಪ್ಯಾಸೇಜು, ಎಚ್.ಆರ್. ಕೋಣೆಗೆ ಪ್ರವೇಶ ಇಲ್ಲ. ಆಫೀಸಿನ ಹೆಣ್ಣುಮಕ್ಕಳನ್ನು ಈ ಪಟ್ಟಿ ಮಾಡುವಾಗಲೇ ಕೂರಿಸಿಕೊಳ್ಳಿ, ಆಮೇಲೆ ಒಪ್ಪಿಗೆ ಕೇಳಬೇಡಿ. ಗ್ರಾಹಕರು ಬಂದಾಗ ಅವರಿಗೆ ಮೊದಲೇ ತಿಳಿಸಿ. ಗುಟ್ಟು ಕಾಪಾಡುವ ಒಪ್ಪಂದಕ್ಕೆ ಸಹಿ ಹಾಕಿದವರು ಅವರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯೂ ಇದೆ, ವಿಡಿಯೋ ಎಲ್ಲಿಗೆ ಹೋಗುತ್ತದೆ, ಎಲ್ಲಾದರೂ ಉಳಿಯುತ್ತದಾ ಅಂತ ಮಾರುವವರಿಂದ ಬರಹದಲ್ಲಿ ತೆಗೆದುಕೊಳ್ಳಿ.

ಎತ್ತರದ್ದೂ ಒಂದು ಮಾತಿದೆ. 2013ರಲ್ಲಿ ಐರೀನ್ ರೇ, ತಕಾಯಾಮಾ, ಬಿಲ್ಗೆ ಮುಟ್ಲು ಇದನ್ನು ಪರೀಕ್ಷೆ ಮಾಡಿದ್ದರು. ಮುಂದಾಳತ್ವದ ಪಾತ್ರದಲ್ಲಿರುವವರು ಕುಳ್ಳ ರೋಬಾಟ್‌ನಲ್ಲಿ ಬಂದರೆ ಎದುರಿನವರಿಗೆ ಅವರ ಮಾತು ಅಷ್ಟಾಗಿ ನಾಟುತ್ತಿರಲಿಲ್ಲ. ನಿಮ್ಮ ಹಿರಿಯ ಎಂಜಿನಿಯರ್ ಕಿರಿಯರನ್ನು ತಿದ್ದಬೇಕಾದವರು. ನಿಂತವರ ಹತ್ತಿರ ಮಾತಾಡುವಾಗ ಎತ್ತರ ಏರಿಸಲು, ಕೂತವರ ಹತ್ತಿರ ಇಳಿಸಲು ಬರುವ ಮಾದರಿಯನ್ನೇ ತೆಗೆದುಕೊಳ್ಳಿ.

ಎಲ್ಲಿ ಬಳಸಬಾರದು ಅನ್ನುವುದಕ್ಕೂ ಒಂದು ಘಟನೆ ಇದೆ. 2019ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ಆಸ್ಪತ್ರೆಯೊಂದರಲ್ಲಿ, ವಯಸ್ಸಾದ ರೋಗಿಗೆ "ಇನ್ನು ಜಾಸ್ತಿ ದಿನ ಇಲ್ಲ" ಅನ್ನುವ ಸುದ್ದಿಯನ್ನು ಡಾಕ್ಟರು ಇಂಥ ಚಕ್ರದ ಸ್ಕ್ರೀನಿನಿಂದಲೇ ಹೇಳಿದರು. ಮನೆಯವರು ನೊಂದು ಹೊರಗೆ ಹೇಳಿಕೊಂಡರು, ಲೋಕಕ್ಕೆಲ್ಲ ಸುದ್ದಿಯಾಯಿತು. ಆಫೀಸಿಗೂ ಇದು ಹೊಂದುತ್ತದೆ. ಸಂಬಳ ಹೆಚ್ಚಿಲ್ಲ, ಪ್ರಾಜೆಕ್ಟ್ ನಿಂತುಹೋಯಿತು, ಕೆಲಸ ಇಲ್ಲ ಅನ್ನುವಂಥದ್ದನ್ನು ಮ್ಯಾನೇಜರ್ ಉರುಳಿಕೊಂಡು ಬಂದು ಹೇಳಬಾರದು.

ಹಾಗಂತ ಇದು ಬರೀ ಆಟಿಕೆ ಅಂತಲೂ ಅಲ್ಲ. ಟೋಕಿಯೋದ ನಿಹೊಂಬಾಶಿಯಲ್ಲಿ 2021ರಲ್ಲಿ ಶುರುವಾದ ಡಾನ್ ಕೆಫೆಯಲ್ಲಿ, ಹಾಸಿಗೆ ಬಿಟ್ಟು ಏಳಲಾಗದ ಕಾಯಿಲೆ ಇರುವವರೂ ಮನೆಯಿಂದಲೇ ಓರಿಹಿಮೆ ಎಂಬ ರೋಬಾಟ್‌ಗಳನ್ನು ನಡೆಸಿ ಗಿರಾಕಿಗಳ ಆರ್ಡರ್ ತೆಗೆದುಕೊಳ್ಳುತ್ತಾರೆ, ಸಂಬಳ ಪಡೆಯುತ್ತಾರೆ. ಅದಕ್ಕೆ ಮುಖ ತೋರಿಸುವ ಸ್ಕ್ರೀನೇ ಇಲ್ಲ, ಆದರೂ ಜನ ಮಾತಾಡುತ್ತಾರೆ. ಬರಲು ಆಗದೇ ಇರುವವರಿಗೆ, ಬರಬೇಕು ಅನ್ನುವ ಆಸೆ ಇರುವವರಿಗೆ ಯಂತ್ರ ಚೆನ್ನಾಗಿ ಒದಗುತ್ತದೆ. ನಿಮ್ಮ ಮೈಸೂರಿನವರ ಬಗ್ಗೆ ನನಗೆ ಭರವಸೆ ಇರುವುದು ಅದಕ್ಕೇ.

ಇನ್ನು ದುಡ್ಡು. ನಾಲ್ಕು ಸಾವಿರ ಡಾಲರ್ ಅಂದರೆ ಬರೀ ಯಂತ್ರಕ್ಕೇ ಮೂರು ಲಕ್ಷ ದಾಟುತ್ತದೆ. ಮೇಲೆ ಕಸ್ಟಮ್ಸ್, ಜಿಎಸ್‌ಟಿ, ಸಾಗಣೆ. ಲಿಥಿಯಂ ಬ್ಯಾಟರಿ ಇರುವುದರಿಂದ ವಿಮಾನದಲ್ಲಿ ಕಳಿಸಲು ಬೇರೆ ನಿಯಮಗಳಿವೆ. ವೈಫೈ ಇರುವ ಉಪಕರಣ ಆಮದು ಮಾಡಿಕೊಳ್ಳಲು ದೂರಸಂಪರ್ಕ ಇಲಾಖೆಯಲ್ಲಿ ರೇಡಿಯೋ ತರಂಗಗಳನ್ನು ನೋಡಿಕೊಳ್ಳುವ ಡಬ್ಲ್ಯೂಪಿಸಿ ವಿಭಾಗದಿಂದ ಇಟಿಎ ಎಂಬ ಅನುಮತಿ ಬೇಕು. ನೇರವಾಗಿ ವೆಬ್‌ಸೈಟಿನಲ್ಲಿ ಕೊಂಡು ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಕೂತರೆ ಬಿಡಿಸುವವರು ನೀವೇ. ಆದ್ದರಿಂದ ಇಲ್ಲಿನ ಡೀಲರ್ ಮೂಲಕ ಸಿಕ್ಕರೆ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ. ಚಕ್ರ, ಬ್ಯಾಟರಿ ಕೆಟ್ಟರೆ ಯಾರು ನೋಡುತ್ತಾರೆ ಅಂತ ಕೇಳಿ. ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಕಂಪನಿ ಕೈ ಬದಲಿಸಿದರೆ ಅಥವಾ ಸರ್ವರ್ ಮುಚ್ಚಿದರೆ ರೋಬಾಟ್ ಓಡುತ್ತದಾ? ಈ ಯಂತ್ರಗಳು ಹೆಚ್ಚಾಗಿ ತಯಾರಕರ ಕ್ಲೌಡ್ ಮೂಲಕವೇ ಕರೆ ಜೋಡಿಸುತ್ತವೆ. ಬೀಮ್ ಕೂಡ 2019ರಲ್ಲಿ ಡೆನ್ಮಾರ್ಕ್‌ನ ಬ್ಲೂ ಓಷನ್ ರೋಬಾಟಿಕ್ಸ್ ಪಾಲಾಗಿ, ಆಮೇಲೆ ಗೋಬಿ ಅನ್ನುವ ಹೆಸರಿನಲ್ಲಿ ಬಂತು. ಈ ವ್ಯಾಪಾರದಲ್ಲಿ ಕಂಪನಿಗಳ ಆಯಸ್ಸು ಕಡಿಮೆ.

ಕೊಳ್ಳುವ ಮುಂಚೆ ಖರ್ಚಿಲ್ಲದ ಒಂದು ಪರೀಕ್ಷೆ ಮಾಡಿ. ಸಾಮಾನು ಸಾಗಿಸುವ ಟ್ರಾಲಿಗೆ ಒಂದು ಟ್ಯಾಬ್ಲೆಟ್ ಕಟ್ಟಿ, ಮೈಸೂರಿನವರನ್ನು ಒಂದು ವಾರ ಅದರಲ್ಲಿ ಕೂರಿಸಿ. ಅವರು ಹೇಳಿದ ಕಡೆ ಯಾರಾದರೂ ತಳ್ಳಲಿ. ನಗೆಪಾಟಲಾಗಿ ಕಾಣುತ್ತೆ, ಕಾಣಲಿ. ಅವರು ಎಲ್ಲಿಗೆ ಹೋಗಬೇಕು ಅನ್ನುತ್ತಾರೆ, ಯಾರನ್ನು ಹುಡುಕುತ್ತಾರೆ, ಬೋರ್ಡಿನ ಮೇಲಿನ ಅಕ್ಷರ ಕಾಣುತ್ತದಾ, ಇದೆಲ್ಲ ಗೊತ್ತಾಗುತ್ತದೆ. ಬೋರ್ಡು ಕಾಣುವುದಿಲ್ಲ ಅಂತಾದರೆ ಬೆಂಚಿಗೆ ಬೇರೆ ಕ್ಯಾಮೆರಾ ಬೇಕೇ ಬೇಕು. ರೋಬಾಟ್‌ನ ಕಣ್ಣಿಗೆ ಸಣ್ಣ ಚಿಪ್‌ನ ಮೇಲಿನ ಗುರುತು ಓದುವ ಶಕ್ತಿ ಇರುವುದಿಲ್ಲ.

ವಾರ ಚೆನ್ನಾಗಿ ಕಳೆದರೆ ನಿಜವಾದ ರೋಬಾಟನ್ನು ಒಂದು ತಿಂಗಳು ತರಿಸಿ. ಎಷ್ಟು ಗಂಟೆ ಓಡಿತು ಅನ್ನುವ ಲೆಕ್ಕ ನೋಡಬೇಡಿ. ಕ್ಯಾಲೆಂಡರ್‌ನಲ್ಲಿ ಮೀಟಿಂಗ್ ಇಲ್ಲದ ಹೊತ್ತಿನಲ್ಲಿ ಎಷ್ಟು ಸಲ ಹೊರಟಿತು ಅಂತ ನೋಡಿ. ಮೀಟಿಂಗ್‌ಗೆ ಮಾತ್ರ ಚಾರ್ಜರ್ ಬಿಟ್ಟು ಹೊರಡುತ್ತಿದ್ದರೆ ವಾಪಸ್ ಕಳಿಸಿ, ಅದೇ ದುಡ್ಡಿನಲ್ಲಿ ಮೀಟಿಂಗ್ ಕೋಣೆಗೆ ಒಳ್ಳೆಯ ಮೈಕು, ಕ್ಯಾಮೆರಾ ಹಾಕಿಸಿ.